ಹಳಿಯ ಬಿರುಕು, ಕಟ್ಟೆಯ ಗಾರೆ

ಸೆಪ್ಟೆಂಬರ್ 15 ಹತ್ತಿರ ಬಂತೆಂದರೆ ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಕತೆ ತಪ್ಪದೇ ಬರುತ್ತದೆ. ನೀವೂ ಓದಿರುತ್ತೀರಿ. ಬ್ರಿಟಿಷರ ಕಾಲದ ರಾತ್ರಿ ರೈಲು. ಡಬ್ಬಿಯ ತುಂಬ ಆಂಗ್ಲರು. ಮೂಲೆಯಲ್ಲಿ ಒಬ್ಬ ಸಾದಾ ಉಡುಪಿನ ಭಾರತೀಯ ಕಿಟಕಿಗೆ ತಲೆಯಾನಿಸಿ ಕೂತಿದ್ದಾನೆ. ಇದ್ದಕ್ಕಿದ್ದಂತೆ ಎದ್ದು ಸರಪಳಿ ಎಳೆಯುತ್ತಾನೆ. ಗಾರ್ಡು ಓಡಿ ಬಂದು ಗದರಿಸಿದರೆ, ಮುಂದೆ ಹಳಿ ಬಿರುಕು ಬಿಟ್ಟಿದೆ ಎಂದು ತಣ್ಣಗೆ ಹೇಳುತ್ತಾನೆ. ಲಾಟೀನು ಹಿಡಿದು ಹೋಗಿ ನೋಡಿದರೆ ಮಾತು ನಿಜ. ಗಾಲಿಯ ಸದ್ದು ಬದಲಾದದ್ದರಿಂದ ಆತನಿಗೆ ಗೊತ್ತಾಯಿತಂತೆ. ಆತನೇ ಮೋಕ್ಷಗುಂಡಂ ವಿಶ್ವೇಶ್ವರಯ್ಯ.

ಯಾವ ರೈಲು, ಯಾವ ವರ್ಷ, ಯಾವ ಊರು ಎಂದು ಈ ಕತೆ ಯಾವತ್ತೂ ಹೇಳುವುದಿಲ್ಲ. ಹೇಳಿದರೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸಿವಿಲ್ ಓದುವವಳಾಗಿ ನನ್ನದು ಇನ್ನೊಂದು ತಕರಾರು. ಉಕ್ಕಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 5 ಕಿ.ಮೀ. ಓಡುತ್ತದೆ, ಗಾಳಿಯಲ್ಲಿ ಸುಮಾರು 340 ಮೀಟರ್ ಮಾತ್ರ. ಹಾಗಾಗಿ ಹಳಿಗೆ ಕಿವಿಯಿಟ್ಟವನಿಗೆ ದೂರದ ಸುದ್ದಿ ಬೇಗ ತಿಳಿಯುತ್ತದೆ ಎನ್ನುವುದು ಸುಳ್ಳಲ್ಲ. ಆದರೆ ಆಗಿನ ಹಳಿಗಳಿಗೆ ಸ್ವಲ್ಪ ಸ್ವಲ್ಪ ದೂರಕ್ಕೊಂದು ಜೋಡಣೆಯ ಸಂದು ಇರುತ್ತಿತ್ತು. ಪ್ರತಿ ಸಂದಿನಲ್ಲೂ ಗಾಲಿ ಟಕಟಕ ಎನ್ನುತ್ತಿತ್ತು. ಆ ಗದ್ದಲದ ನಡುವೆ ಓಡುವ ಡಬ್ಬಿಯೊಳಗೆ ಕೂತು, ಮುಂದಿನ ಒಂದು ಬಿರುಕನ್ನು ಬೇರೆಯಾಗಿ ಕೇಳಿಸಿಕೊಳ್ಳುವುದು ನನಗಂತೂ ನಂಬಲಾಗದ ಮಾತು. ಇದು ಜನ ಕಟ್ಟಿದ ಕತೆ. ಆದರೂ ಜನ ಇದನ್ನೇ ಯಾಕೆ ಕಟ್ಟಿದರು ಎಂದು ಯೋಚಿಸಿದಾಗ ಕತೆಯ ಮೇಲೆ ಸಿಟ್ಟು ಬರುವುದಿಲ್ಲ. ಒಡೆಯುವ ಮೊದಲೇ ಬಿರುಕು ಗೊತ್ತಾಗಬೇಕು ಎಂಬುದು ಇಂಜಿನಿಯರ್ ಮೇಲೆ ಜನ ಇಟ್ಟ ಆಸೆ. ಆರನೇ ಸೆಮಿಸ್ಟರ್‌ನ ಕಿರು ಪ್ರಾಜೆಕ್ಟ್‌ಗಾಗಿ ನಾನು ಕಂಪ್ಯೂಟರಿನ ಮುಂದೆ ಕೂತು ಮಾಡುತ್ತಿರುವುದೂ ಅದೇ ಕೆಲಸ.

ನನ್ನ ವಿಷಯ, ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುವ ಕಾಂಕ್ರೀಟು. ಅದರಲ್ಲಿ ಬಿರುಕು ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ, ಎಲ್ಲಿಯವರೆಗೆ ಬೆಳೆದರೆ ವಾಪಸು ಕೂಡಿಕೊಳ್ಳಬಲ್ಲದು ಎಂದು ಗಣಕ ಮಾದರಿಯಲ್ಲಿ ನೋಡಬೇಕು. ಕಾಂಕ್ರೀಟನ್ನು ಅದುಮಿದರೆ ಗಟ್ಟಿ, ಎಳೆದರೆ ಮೆತ್ತಗೆ. ಅದುಮುವ ಬಲದ ಸುಮಾರು ಹತ್ತನೇ ಒಂದು ಪಾಲು ಎಳೆತಕ್ಕೇ ಅದು ಸೀಳುತ್ತದೆ. ಕಂಪ್ಯೂಟರಿನಲ್ಲಿ ಒಂದು ತೊಲೆ ಬರೆದು ಅದನ್ನು ಸಾವಿರಾರು ಸಣ್ಣ ಚೌಕಗಳಾಗಿ ಹೋಳು ಮಾಡುತ್ತೇವೆ. ಪ್ರತಿ ಚೌಕಕ್ಕೂ ಒಂದು ಅಂಕಿ. ಸೊನ್ನೆ ಎಂದರೆ ಆರೋಗ್ಯ, ಒಂದು ಎಂದರೆ ಪೂರ್ತಿ ಸೀಳು. ಭಾರ ಹೆಚ್ಚಿಸುತ್ತ ಹೋದಂತೆ ಕೆಲವು ಚೌಕಗಳ ಅಂಕಿ ಏರುತ್ತದೆ, ಪರದೆಯ ಮೇಲೆ ಕೆಂಪು ಗೆರೆಯೊಂದು ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ. ಬಿರುಕು ಬೆಳೆಯಲು ಶಕ್ತಿಯ ಲೆಕ್ಕ ಬೇಕು ಎಂದು 1921ರಲ್ಲಿ ತೋರಿಸಿಕೊಟ್ಟವರು ಇಂಗ್ಲೆಂಡಿನ ಎ.ಎ. ಗ್ರಿಫಿತ್. ಅವರು ನೋಡಿದ್ದು ಗಾಜನ್ನು. ಕಾಂಕ್ರೀಟಿಗೆ ಹೊಂದುವಂತೆ ಆ ವಿಚಾರವನ್ನು 1976ರಲ್ಲಿ ಮುಂದುವರಿಸಿದವರು ಸ್ವೀಡನ್ನಿನ ಹಿಲ್ಲರ್‌ಬೋರ್ಗ್ ಮತ್ತು ಸಂಗಡಿಗರು. ಇಲ್ಲಿಯವರೆಗೆ ಪುಸ್ತಕ ದಾರಿ ತೋರಿಸುತ್ತದೆ. ಏರಿದ ಅಂಕಿ ಇಳಿಯುವುದು ಹೇಗೆ ಎಂಬಲ್ಲಿ ಕಷ್ಟ ಶುರು. ಅದಕ್ಕೆ ನೀರು ಬೇಕು, ಸಮಯ ಬೇಕು, ಬಿರುಕು ಕಿರಿದಾಗಿರಬೇಕು. ಈ ಮೂರನ್ನೂ ಒಂದೇ ಸಮೀಕರಣದಲ್ಲಿ ಕೂಡಿಸಲು ಹೋಗಿ ನನ್ನ ಲ್ಯಾಪ್‌ಟಾಪಿನ ಫ್ಯಾನು ರಾತ್ರಿಯೆಲ್ಲ ಕೂಗುತ್ತದೆ.

ಕಾಂಕ್ರೀಟು ತಾನೇ ಕೂಡಿಕೊಳ್ಳುವುದನ್ನು ನಾನು ಪುಸ್ತಕಕ್ಕಿಂತ ಮೊದಲು ನೋಡಿದ್ದು ಟಿಕೋಟಾ ಹತ್ತಿರದ ನಮ್ಮ ದ್ರಾಕ್ಷಿ ತೋಟದಲ್ಲಿ. ಬೇಸಿಗೆಯಲ್ಲಿ ಟ್ಯಾಂಕರಿನ ನೀರು ಹಾಕಿ ಬಳ್ಳಿ ಉಳಿಸಿಕೊಳ್ಳುವವರಿಗೆ ಸಿಮೆಂಟಿನ ಟಾಕಿಯಿಂದ ಒಂದು ಹನಿ ಸೋರಿದರೂ ಅದು ದುಡ್ಡು. ಹೊಸ ಟಾಕಿಯ ಗೋಡೆಯಲ್ಲಿ ಕೂದಲೆಳೆಯಂಥ ಸೀಳು ಕಂಡು ಅಪ್ಪ ಗೌಂಡಿಯನ್ನು ಕರೆಸಿದ್ದರು. ನೀರು ತುಂಬಿಸಿಯೇ ಇಡಿ, ತಿಂಗಳಲ್ಲಿ ತಾನೇ ನಿಲ್ಲುತ್ತದೆ ಎಂದು ಹೇಳಿ ಗೌಂಡಿ ಹೊರಟುಹೋದ. ಅಪ್ಪನಿಗೆ ಅದು ಕೆಲಸಗಳ್ಳತನ ಅನಿಸಿತ್ತು. ಆದರೆ ಸೀಳಿನ ಗುಂಟ ಬಿಳಿಯ ಉಪ್ಪಿನಂಥದು ಕಟ್ಟುತ್ತ ಬಂದು ಒಸರುವುದು ನಿಂತೇಬಿಟ್ಟಿತು. ಅದು ಉಪ್ಪಲ್ಲ, ಸುಣ್ಣದ ಕಲ್ಲು. ಕಾಂಕ್ರೀಟಿನೊಳಗಿನ ಸುಣ್ಣ ನೀರಿನಲ್ಲಿ ಕರಗಿ ಸೀಳಿಗೆ ಬಂದು, ಇಂಗಾಲದ ಡೈಆಕ್ಸೈಡಿನ ಜೊತೆ ಸೇರಿ, ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೂತಿತ್ತು. ಮೂಲೆಯಲ್ಲಿ ಬೆರಳುಗುರು ಹೋಗುವಷ್ಟು ಅಗಲದ ಇನ್ನೊಂದು ಬಿರುಕಿತ್ತು, ಅದು ಮಾತ್ರ ನಿಲ್ಲಲಿಲ್ಲ. ಸಾಮಾನ್ಯ ಕಾಂಕ್ರೀಟು ತಾನಾಗಿ ಮುಚ್ಚಿಕೊಳ್ಳುವುದು ಹೆಚ್ಚೆಂದರೆ 0.1ರಿಂದ 0.2 ಮಿ.ಮೀ. ಅಗಲದ ಬಿರುಕನ್ನು. ಅದಕ್ಕಿಂತ ದೊಡ್ಡದಕ್ಕೆ ಈಗ ಬ್ಯಾಕ್ಟೀರಿಯಾ ಬೆರೆಸುತ್ತಾರೆ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ವಿಶ್ವವಿದ್ಯಾಲಯದ ಹೆಂಕ್ ಯಾಂಕರ್ಸ್ ಈ ದಾರಿ ತೆರೆದವರಲ್ಲಿ ಮುಖ್ಯರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇದೇ ಜಾತಿಯ ವಿದ್ಯೆಯಿಂದ ಚಂದ್ರನ ಮಣ್ಣಿನಂಥ ಪುಡಿಯನ್ನು ಇಟ್ಟಂಗಿ ಮಾಡಿ ತೋರಿಸಿದ್ದಾರೆ. ಅದರಲ್ಲಿ ಬ್ಯಾಕ್ಟೀರಿಯಾ, ಯೂರಿಯಾ ಜೊತೆಗೆ ನಮ್ಮ ಚವಳಿಕಾಯಿ ಬೀಜದ ಅಂಟೂ ಇದೆ ಎಂದು ಹೇಳಿದಾಗ ಅವ್ವ ನಕ್ಕಳು.

ಇಷ್ಟು ತಿಳಿದ ಮೇಲೆ, ಸಿಮೆಂಟು ಬರುವ ಮೊದಲು ಜನ ಏನು ಮಾಡುತ್ತಿದ್ದರು ಎಂದು ಹುಡುಕತೊಡಗಿದೆ. ನಾನು ದಿನವೂ ಕಾಲೇಜಿಗೆ ಬರುವ ಅಥಣಿ ರಸ್ತೆಯಲ್ಲಿ, ಇನ್ನೇನು ವಿಜಯಪುರ ಬಂತು ಅನ್ನುವಾಗ ತೊರವಿ ಸಿಗುತ್ತದೆ. ಅಲ್ಲಿಯ ಸುರಂಗ ಬಾವಡಿಯಿಂದ ಆದಿಲ್‌ಶಾಹಿಗಳು ನೆಲದೊಳಗಿನ ಸುರಂಗದಲ್ಲಿ ನಗರಕ್ಕೆ ನೀರು ತಂದಿದ್ದರು. ಅವರ ಕಟ್ಟಡಗಳೆಲ್ಲ ಸುಣ್ಣದ ಗಾರೆಯವು, ಗೋಳಗುಮ್ಮಟವೂ ಸೇರಿ. ಸುಣ್ಣದ ಗಾರೆಯಲ್ಲಿ ಕರಗುವ ಸುಣ್ಣಕ್ಕೆ ಬರವಿಲ್ಲ, ಆದ್ದರಿಂದ ಸಣ್ಣ ಸೀಳು ಮುಚ್ಚಿಕೊಳ್ಳುವುದು ಅದಕ್ಕೆ ಸ್ವಭಾವವೇ. ರೋಮನ್ನರ ಕಾಂಕ್ರೀಟಿನ ಬಾಳಿಕೆಗೂ ಒಳಗೆ ಉಳಿದ ಸುಣ್ಣದ ಗಟ್ಟಿಗಳೇ ಒಂದು ಕಾರಣ ಎಂದು ಅಮೆರಿಕದ ಎಂಐಟಿಯವರು 2023ರಲ್ಲಿ ಪ್ರಕಟಿಸಿದರು. ಹೀಗೆ ಸುಣ್ಣದ ಹಿಂದೆ ಹೋದವಳು, ಸುಣ್ಣದ ಗಾರೆಯಲ್ಲಿ ಕಟ್ಟಿದ, ಈಗಲೂ ನೀರು ಹಿಡಿದು ನಿಂತ ನಮ್ಮ ರಾಜ್ಯದ ಅತಿ ಹೆಸರಾದ ಕಟ್ಟೆಗೆ ಬಂದು ಮುಟ್ಟಿದೆ. ಕನ್ನಂಬಾಡಿ ಕಟ್ಟೆ. ಕಟ್ಟೆಯಿಂದ ಅದರ ಇಂಜಿನಿಯರ್‌ಗೆ. ವಾಟ್ಸ್‌ಆ್ಯಪಿನ ಕತೆ ಬದಿಗಿಟ್ಟು ಆ ಮನುಷ್ಯನ ಬದುಕನ್ನು ಓದಿದ್ದು ಆಗಲೇ.

ವಿಶ್ವೇಶ್ವರಯ್ಯ ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮ. ಹುಡುಗ ಇನ್ನೂ ಶಾಲೆಯಲ್ಲಿರುವಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಲ್ಲಿದ್ದು, ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಮುಂದೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮುಂಬೈ ಪ್ರಾಂತ್ಯಕ್ಕೇ ಮೊದಲಿಗರಾದರು. ಮರುವರ್ಷ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್. ಆಗ ನಮ್ಮ ವಿಜಯಪುರವೂ ಅದೇ ಮುಂಬೈ ಪ್ರಾಂತ್ಯದಲ್ಲಿತ್ತು ಎನ್ನುವುದನ್ನು ನಮ್ಮವರು ಮರೆಯುತ್ತಾರೆ. ಅವರ ವೃತ್ತಿಯ ಮೊದಲ 24 ವರ್ಷ ಕಳೆದದ್ದು ಮೈಸೂರಿನಲ್ಲಲ್ಲ, ನಾಸಿಕ, ಧುಳೆ, ಪುಣೆ, ಸೂರತ್, ಸಿಂಧ್ ಪ್ರಾಂತ್ಯದ ಸುಕ್ಕೂರುಗಳಲ್ಲಿ.

ಈ 24 ವರ್ಷ ನನಗೆ ದಿವಾನಗಿರಿಯ ಆರು ವರ್ಷಕ್ಕಿಂತ ಹೆಚ್ಚು ರುಚಿಸಿತು. ಶುರುವಿನ ಕೆಲಸಗಳಲ್ಲಿ ಒಂದು, ಧುಳೆ ಕಡೆಯ ದತರ್ತಿ ಎಂಬಲ್ಲಿ ಹೊಳೆಯ ಅಡಿಯಿಂದ ಕೊಳವೆ ಸೈಫನ್ ಹಾಯಿಸುವುದು. ಮಳೆಗಾಲ ಬಂದಿತ್ತು. ಮಳೆ ಮುಗಿದ ಮೇಲೆ ಮಾಡೋಣ ಎಂದು ಹೊಸ ಇಂಜಿನಿಯರ್ ಮೇಲಧಿಕಾರಿಗೆ ಬರೆದುಕೊಂಡರೆ ಅದು ಅವಿಧೇಯತೆಯಂತೆ ಕಂಡಿತು. ಅಂದ ಮೇಲೆ ಮಳೆಯಲ್ಲೇ ಕೆಲಸಕ್ಕೆ ಇಳಿದರು. ಹೊಳೆ ಬಂದು ಆಚೆ ದಡದಲ್ಲಿ ಸಿಕ್ಕಿಕೊಂಡಾಗ ಈಜಿ ದಾಟಿದ್ದೂ ಉಂಟು. ಕೊನೆಗೆ ಸೈಫನ್ ಮುಗಿಯಿತು. ಇಪ್ಪತ್ಮೂರು ವರ್ಷದ ಹುಡುಗ, ಮೊದಲ ನೌಕರಿ, ಸಿಡುಕಿನ ಸಾಹೇಬ. ನಮ್ಮ ಸೀನಿಯರ್‌ಗಳು ಸೈಟಿನಿಂದ ಫೋನ್ ಮಾಡಿ ಹೇಳುವುದಕ್ಕೂ ಇದಕ್ಕೂ ಬಹಳ ಫರಕಿಲ್ಲ.

ಸುಕ್ಕೂರಿನಲ್ಲಿ ಸಿಂಧೂ ನದಿಯ ನೀರು ಕೆಸರು. ಶೋಧಿಸುವ ತೊಟ್ಟಿಗಳಿಗೆ ದುಡ್ಡು ಸಾಲದು. ಆಗ ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನ ಮೂಲಕ ಇಳಿದು ಬರುವ ತಿಳಿನೀರನ್ನು ಊರಿಗೆ ಎತ್ತಿಸಿದರು. ಮರಳೇ ಜರಡಿಯಾಯಿತು. ಪುಣೆಯ ಹತ್ತಿರದ ಖಡಕ್‌ವಾಸ್ಲಾದಲ್ಲಿ ಪ್ರಶ್ನೆ ಬೇರೆ. ಮಳೆಗಾಲದಲ್ಲಿ ನೀರು ಕೋಡಿ ಹರಿದು ಹೋಗುತ್ತದೆ, ಬೇಸಿಗೆಯಲ್ಲಿ ಸಾಲುವುದಿಲ್ಲ. ಕಟ್ಟೆ ಎತ್ತರಿಸಿದರೆ ಹಳೆಯ ಗೋಡೆಯ ಮೇಲೆ ಭಾರ. ಅವರು ಕೋಡಿಯ ಮೇಲೆ ಗೇಟುಗಳನ್ನು ಕೂಡಿಸಿದರು. ನೀರು ಗೊತ್ತಾದ ಮಟ್ಟದವರೆಗೆ ಗೇಟು ಮುಚ್ಚಿಯೇ ಇರುತ್ತದೆ, ಮಿತಿ ಮೀರಿದೊಡನೆ ಪ್ರತಿಭಾರಗಳ ತೂಕದಿಂದ ತಾನೇ ತೆರೆದುಕೊಳ್ಳುತ್ತದೆ, ಪ್ರವಾಹ ಇಳಿದರೆ ತಾನೇ ಮುಚ್ಚಿಕೊಳ್ಳುತ್ತದೆ. 1903ರ ಮಾತಿದು. ಕರೆಂಟಿಲ್ಲ, ಸೆನ್ಸರ್ ಇಲ್ಲ, ನಡುರಾತ್ರಿ ಎದ್ದು ಹೋಗಿ ಚಕ್ರ ತಿರುಗಿಸುವ ಕಾವಲುಗಾರನೂ ಬೇಡ. ಪೇಟೆಂಟ್ ಪಡೆದರೂ, ಸರ್ಕಾರಿ ಕೆಲಸದಲ್ಲಿದ್ದು ಮಾಡಿದ್ದು ಎಂಬ ಕಾರಣಕ್ಕೆ ಅದರ ಗೌರವಧನ ಒಲ್ಲೆ ಎಂದರು. ತಾನಾಗಿ ಬಿರುಕು ಮುಚ್ಚುವ ಕಾಂಕ್ರೀಟನ್ನು ಈಗ ನಾವು ಸ್ಮಾರ್ಟ್ ಎಂದು ಕರೆಯುತ್ತೇವೆ. ಹಾಗಾದರೆ ಈ ಗೇಟಿಗೆ ಏನೆನ್ನಬೇಕೋ.

ಇಷ್ಟಾದರೂ ಪ್ರಾಂತ್ಯದ ಮುಖ್ಯ ಇಂಜಿನಿಯರ್ ಹುದ್ದೆ ಭಾರತೀಯನಿಗೆ ಸಿಗುವ ಕಾಲ ಅದಾಗಿರಲಿಲ್ಲ. 1908ರಲ್ಲಿ ತಾವಾಗಿಯೇ ನೌಕರಿ ಬಿಟ್ಟು ವಿದೇಶ ಪ್ರವಾಸಕ್ಕೆ ಹೋದರು. ಅದೇ ಸೆಪ್ಟೆಂಬರಿನಲ್ಲಿ ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ಇವರನ್ನು ಕರೆಸಿತು. ನಗರದ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ಪ್ರವಾಹ ತಡೆಯುವ ಅವರ ಯೋಜನೆಯ ಫಲವೇ ಉಸ್ಮಾನ್ ಸಾಗರ, ಹಿಮಾಯತ್ ಸಾಗರ. ಆ ಕೆಲಸದ ನಡುವೆಯೇ ಮೈಸೂರಿನಿಂದ ಕರೆ ಬಂತು. 1909ರ ನವೆಂಬರಿನಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆದರು.

ಕನ್ನಂಬಾಡಿಯ ಹತ್ತಿರ ಕಾವೇರಿಗೆ ಕಟ್ಟೆ ಹಾಕುವ ವಿಚಾರ ಅವರೊಬ್ಬರ ತಲೆಯಲ್ಲಿ ಹುಟ್ಟಿದ್ದಲ್ಲ. ಕ್ಯಾಪ್ಟನ್ ಡಾಸ್ ಎಂಬ ಇಂಜಿನಿಯರ್ ಮೊದಲೇ ಅದರ ಬಗ್ಗೆ ಕೆಲಸ ಮಾಡಿದ್ದರು. 1902ರಿಂದ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು, ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಅದಕ್ಕೂ ತೊಂದರೆ. ಮಂಡ್ಯದ ಕಡೆ ಒಣ ಭೂಮಿ. ವಿಶ್ವೇಶ್ವರಯ್ಯ ಈ ಎರಡನ್ನೂ ಒಂದೇ ಲೆಕ್ಕಕ್ಕೆ ತಂದು, ದುಡ್ಡಿನ ಬಗ್ಗೆ ಹೆದರಿದ್ದ ದರ್ಬಾರನ್ನು ಒಪ್ಪಿಸಿದರು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಒಪ್ಪಿಗೆ ಕೊಟ್ಟು 1911ರಲ್ಲಿ ಕೆಲಸ ಶುರುವಾಯಿತು. ಆದರೆ ಕೆಳಗಿನ ಮದ್ರಾಸು ಸರ್ಕಾರ ತಕರಾರು ತೆಗೆದು, ಮೊದಲಿಗೆ 80 ಅಡಿಯ ನೀರಿಗೆ ಮಾತ್ರ ಒಪ್ಪಿತು. ಮೈಸೂರು 124 ಅಡಿ ಕೇಳಿತ್ತು.

ಇಲ್ಲಿ ಒಬ್ಬ ಸಿವಿಲ್ ವಿದ್ಯಾರ್ಥಿನಿಯಾಗಿ ನಾನು ಬಹಳ ಹೊತ್ತು ನಿಂತೆ. 80 ಅಡಿಯ ಕಟ್ಟೆಗೆ ಬೇಕಾದ ಬುನಾದಿ ಬೇರೆ, 124 ಅಡಿಯದು ಬೇರೆ. ನೀರಿನ ಒತ್ತಡ ಆಳದ ಜೊತೆ ಏರುತ್ತದೆ, ಗೋಡೆಯನ್ನು ತಳ್ಳುವ ಒಟ್ಟು ಬಲ ಆಳದ ವರ್ಗದಷ್ಟು ಏರುತ್ತದೆ. ಆಳ ಒಂದೂವರೆ ಪಟ್ಟಾದರೆ ತಳ್ಳುವ ಬಲ ಎರಡೂಕಾಲು ಪಟ್ಟು. ಕಿರಿದಾದ ಬುನಾದಿಯ ಮೇಲೆ ಮುಂದೆ ಎತ್ತರಿಸಲು ಹೋದರೆ, ಹಳೆಯ ಕಟ್ಟಡ ಮತ್ತು ಹೊಸ ಕಟ್ಟಡ ಕೂಡುವ ಗೆರೆಯೇ ಬಿರುಕಿನ ದಾರಿ. ಮೈಸೂರಿನವರು ಬುನಾದಿಯನ್ನು ಪೂರ್ತಿ ಎತ್ತರಕ್ಕೆ ಬೇಕಾದಷ್ಟು ಅಗಲವಾಗಿಯೇ ಹಾಕಿದರು. ಒಪ್ಪಿಗೆ ಸಿಗದಿದ್ದರೆ ಅಷ್ಟು ಕಲ್ಲು, ಅಷ್ಟು ಕೂಲಿ ನೆಲದೊಳಗೆ ವ್ಯರ್ಥ. ವ್ಯಾಜ್ಯ ಮಧ್ಯಸ್ಥಿಕೆಗೆ ಹೋಯಿತು, ಮೇಲೆ ಮತ್ತೆ ಹೋಯಿತು, ಕೊನೆಗೆ 1924ರಲ್ಲಿ ಒಪ್ಪಂದವಾಯಿತು. ಹದಿಮೂರು ವರ್ಷ ಕಾದ ಬುನಾದಿ ಅದು. ರಾಜಕೀಯವಾಗಿ ಇದು ಮದ್ರಾಸಿಗೆ ಹಿಡಿಸದ ನಡೆ, ಇಂದಿನ ಕಾವೇರಿ ಜಗಳದ ಬೇರು ಅಲ್ಲೂ ಇದೆ. ಇಂಜಿನಿಯರಿಂಗ್ ಆಗಿ ಮಾತ್ರ ಅದು ಸರಿ.

ಇನ್ನು ಗಾರೆ. ಭಾರತದಲ್ಲಿ ಸಿಮೆಂಟು ಸರಿಯಾಗಿ ತಯಾರಾಗತೊಡಗಿದ್ದು 1914ರಲ್ಲಿ, ಗುಜರಾತಿನ ಪೋರಬಂದರಿನಲ್ಲಿ. ಕನ್ನಂಬಾಡಿಯ ಕೆಲಸ ಅದಕ್ಕೂ ಮೊದಲೇ ಶುರುವಾಗಿತ್ತು. ಹಡಗಿನಲ್ಲಿ ತರಿಸುವ ಸಿಮೆಂಟು ತುಟ್ಟಿ. ಆದ್ದರಿಂದ ಕಲ್ಲಿಗೆ ಸುರ್ಕಿ ಗಾರೆ ಹಾಕಿದರು. ಸುರ್ಕಿ ಎಂದರೆ ಸುಟ್ಟ ಮಣ್ಣಿನ, ಇಟ್ಟಂಗಿಯ ಪುಡಿ. ಬರೀ ಸುಣ್ಣ ಒಣಗಾಳಿಯಲ್ಲಿ ಗಟ್ಟಿಯಾಗುತ್ತದೆ, ನೀರಿನೊಳಗೆ ಆಗುವುದಿಲ್ಲ. ಸುರ್ಕಿ ಬೆರೆತರೆ ಅದರ ಸಿಲಿಕಾ ಸುಣ್ಣದ ಜೊತೆ ಕೂಡಿ ನೀರಿನಲ್ಲೂ ಗಟ್ಟಿಯಾಗುತ್ತದೆ. ಇದು ವಿಶ್ವೇಶ್ವರಯ್ಯನವರು ಕಂಡುಹಿಡಿದದ್ದು ಎಂದು ಕೆಲವರು ಬರೆಯುತ್ತಾರೆ, ತಪ್ಪು. ಗೌಂಡಿಗಳಿಗೆ ಶತಮಾನಗಳಿಂದ ಗೊತ್ತಿದ್ದ ಪದಾರ್ಥ. ಎರಡೂವರೆ ಕಿಲೋಮೀಟರಿಗೂ ಉದ್ದದ, 40 ಮೀಟರ್ ಹತ್ತಿರದ ಎತ್ತರದ ಕಟ್ಟೆಗೆ ಅದನ್ನೇ ನಂಬಿದ್ದು ದೊಡ್ಡ ಮಾತು.

ಸುರ್ಕಿ ಗಾರೆ ಸಿಮೆಂಟಿನಷ್ಟು ಬಲವಾದದ್ದಲ್ಲ, ಹಾಗಾದರೆ ಹೇಗೆ ಸಾಕಾಯಿತು? ನೋಟ್‌ಬುಕ್ಕಿನ ಹಿಂದೆ ಲೆಕ್ಕ ಹಾಕಿದೆ. ಇದು ತನ್ನ ಭಾರದಿಂದಲೇ ನೀರನ್ನು ತಡೆಯುವ ಕಟ್ಟೆ. 40 ಮೀಟರ್ ಕಲ್ಲುಕಟ್ಟಡದ ಬುಡದಲ್ಲಿ ಸ್ವಂತ ಭಾರದಿಂದ ಬೀಳುವ ಒತ್ತಡ ಹೆಚ್ಚು ಕಡಿಮೆ 1 ಮೆಗಾಪ್ಯಾಸ್ಕಲ್. ಸಾಮಾನ್ಯ ಮನೆಗೆ ಹಾಕುವ ಎಂ20 ಕಾಂಕ್ರೀಟು 20 ತಾಳುತ್ತದೆ. ಅಂದರೆ ಇಲ್ಲಿ ಬೇಕಾದದ್ದು ಬಲವಲ್ಲ, ತೂಕ ಮತ್ತು ಬಿರುಕಿಲ್ಲದ ಮೈ. ಸಿಮೆಂಟು ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ದೊಡ್ಡ ಮುದ್ದೆಯಾದರೆ ಒಳಗೆ ಬಿಸಿ, ಹೊರಗೆ ತಂಪು, ನಡುವೆ ಬಿರುಕು. ಕನ್ನಂಬಾಡಿ ಮುಗಿಯುವ ಹೊತ್ತಿಗೆ ಅಮೆರಿಕದಲ್ಲಿ ಶುರುವಾದ ಹೂವರ್ ಅಣೆಕಟ್ಟೆಯ ಕಾಂಕ್ರೀಟಿನೊಳಗೆ ಈ ಬಿಸಿ ಇಳಿಸಲೆಂದೇ ಕೊಳವೆ ಹೂತು ತಣ್ಣೀರು ಹರಿಸಬೇಕಾಯಿತು. ಸುಣ್ಣ ಸುರ್ಕಿ ನಿಧಾನ. ನಿಧಾನಕ್ಕೆ ಗಟ್ಟಿಯಾಗುತ್ತದೆ, ಕಲ್ಲು ಕೂತಂತೆ ತಾನೂ ತುಸು ಬಾಗುತ್ತದೆ, ಒದ್ದೆ ಇದ್ದಲ್ಲಿ ಕೂದಲೆಳೆಯ ಸೀಳಿಗೆ ತಾನೇ ಸುಣ್ಣ ತುಂಬುತ್ತದೆ. ಬಡತನಕ್ಕೆ ಆರಿಸಿಕೊಂಡ ಗಾರೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಈ ರಸಾಯನವೆಲ್ಲ ಆಗಿನವರಿಗೆ ಇಂದಿನ ಹೆಸರುಗಳಲ್ಲಿ ಗೊತ್ತಿರಬೇಕಿಲ್ಲ, ಹಳೆಯ ಕೆರೆಗಳ ತೂಬು ಸೋರದೆ ನಿಂತದ್ದನ್ನು ನೋಡಿದ್ದರೆ ಸಾಕು.

ಕಟ್ಟೆಯ ಅಡಿಯಲ್ಲಿ ಕನ್ನಂಬಾಡಿ ಊರು, ವೇಣುಗೋಪಾಲಸ್ವಾಮಿ ಗುಡಿ, ಸುತ್ತಲಿನ ಹಳ್ಳಿಗಳು ಮುಳುಗಿದವು. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟು ಬಂದವರ ಮಕ್ಕಳು ನನ್ನ ಕ್ಲಾಸಿನಲ್ಲೇ ಇದ್ದಾರೆ. ಅವರ ಪಕ್ಕ ಕೂತು ಓದುವಾಗ ಈ ಸಾಲನ್ನು ಬೇಗ ದಾಟಲಾಗುವುದಿಲ್ಲ. ಕಟ್ಟೆ ಮುಗಿದದ್ದು 1931ರ ಸುಮಾರಿಗೆ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ. ವಿಶ್ವೇಶ್ವರಯ್ಯ ಮೈಸೂರಿನ ನೌಕರಿ ಬಿಟ್ಟು ಅಷ್ಟರಲ್ಲಿ 12 ವರ್ಷ ದಾಟಿತ್ತು. ಇವರಾದ ಮೇಲೆ ಬೇರೆ ಮುಖ್ಯ ಇಂಜಿನಿಯರ್‌ಗಳು ಕೆಲಸ ಮುಂದುವರಿಸಿದರು. ಸಾವಿರಾರು ಕೂಲಿಗಳು ಕಲ್ಲು ಹೊತ್ತರು. ಕಟ್ಟೆ ಕಟ್ಟಿದವರು ಯಾರು ಎಂದು ಮಹಾರಾಜರ ಪರ, ವಿಶ್ವೇಶ್ವರಯ್ಯನವರ ಪರ ಈಗಲೂ ಕಿತ್ತಾಡುವವರಿದ್ದಾರೆ. ಇಪ್ಪತ್ತು ವರ್ಷದ ಕೆಲಸಕ್ಕೆ ಒಬ್ಬನೇ ಯಜಮಾನನನ್ನು ಹುಡುಕುವುದೇ ನನಗೆ ವಿಚಿತ್ರ ಅನಿಸುತ್ತದೆ.

1912ರಿಂದ 1918ರವರೆಗೆ ಅವರು ದಿವಾನರು. ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, 1916ರ ಮೈಸೂರು ವಿಶ್ವವಿದ್ಯಾಲಯ, ಮರುವರ್ಷ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು, ಗಂಧದೆಣ್ಣೆ, ಸಾಬೂನು, ಭದ್ರಾವತಿಯ ಕಬ್ಬಿಣದ ಯೋಜನೆ. ಇದೆಲ್ಲ ಶಾಲೆಯ ಪುಸ್ತಕದಲ್ಲೇ ಇದೆ. ಪುಸ್ತಕ ಒಂದು ಸಾಲಿನಲ್ಲಿ ಮುಗಿಸುವ ಸಂಗತಿ, ಅವರು ಹುದ್ದೆ ಬಿಟ್ಟದ್ದು ಯಾಕೆ ಎಂಬುದು.

ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣರೇ ತುಂಬಿದ್ದರು. ಉಳಿದ ಸಮುದಾಯಗಳಿಗೂ ತಕ್ಕ ಪಾಲು ಸಿಗಬೇಕು ಎಂಬ ಒತ್ತಾಯಕ್ಕೆ ಮಹಾರಾಜರು ಕಿವಿಗೊಟ್ಟು 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯ ಒಪ್ಪಲಿಲ್ಲ. ನೌಕರಿಗೆ ಅರ್ಹತೆಯೊಂದೇ ಅಳತೆ, ಹಿಂದುಳಿದವರಿಗೆ ಶಿಕ್ಷಣ ಕೊಡೋಣ, ವಿದ್ಯಾರ್ಥಿವೇತನ ಕೊಡೋಣ, ಆದರೆ ಹುದ್ದೆಯಲ್ಲಿ ಪಾಲು ಬೇಡ ಎಂಬುದು ಅವರ ನಿಲುವು. ವರ್ಷ ಮುಗಿಯುವಷ್ಟರಲ್ಲಿ ಹುದ್ದೆ ಬಿಟ್ಟರು. ಸ್ವಾರ್ಥಕ್ಕಾಗಿ ಅಲ್ಲ, ನಂಬಿಕೆಗಾಗಿ ಬಿಟ್ಟರು ಎನ್ನುವುದು ನಿಜ. ಆದರೆ ಆ ನಂಬಿಕೆ ಸರಿ ಎಂದು ನಾನು ಹೇಳಲಾರೆ. ನಮ್ಮ ಮನೆಯಲ್ಲಿ ಬಿಇ ಮೆಟ್ಟಿಲು ಹತ್ತಿದವಳು ನಾನೇ ಮೊದಲು, ನನ್ನ ಸೀಟು ಬಂದದ್ದು ಮೀಸಲಾತಿಯಲ್ಲಿ. ಅಜ್ಜನಿಗೆ ಓದು ಬರುತ್ತಿರಲಿಲ್ಲ, ಅಪ್ಪ ಎಸ್ಸೆಸ್ಸೆಲ್ಸಿ. ಮನೆಪಾಠ ಹೇಳಿ ಓದಿದ ಬಡ ಹುಡುಗನ ಕಷ್ಟ ವಿಶ್ವೇಶ್ವರಯ್ಯನವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆ ಹುಡುಗನ ಮನೆಯಲ್ಲಿ ಪಂಡಿತ ತಂದೆ ಇದ್ದರು, ಪುಸ್ತಕಗಳಿದ್ದವು. ಅದು ಕೂಡ ಒಂದು ಬಂಡವಾಳ ಎಂಬುದನ್ನು, ಎಲ್ಲವನ್ನೂ ಅಂಕಿಯಲ್ಲಿ ಅಳೆದ ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ಮಿಲ್ಲರ್ ಸಮಿತಿಯ ವರದಿ 1919ರಲ್ಲಿ ಬಂತು. ಇಂಜಿನಿಯರ್ಸ್ ಡೇ ಭಾಷಣಗಳಲ್ಲಿ ಈ ಮಾತು ಬರುವುದೇ ಇಲ್ಲ. ಬಂದರೆ ಅವರ ಗೌರವ ಕಡಿಮೆಯಾದೀತು ಎಂಬ ಹೆದರಿಕೆ ಯಾಕೋ ತಿಳಿಯದು. ನನಗಂತೂ ಸುರ್ಕಿಯ ಲೆಕ್ಕ ಹಾಕಿದ ದಿನದ ಗೌರವ ಇದನ್ನು ಓದಿದ ದಿನವೂ ಹಾಗೇ ಇತ್ತು, ಈ ಜಗಳವೂ ಅದರ ಜೊತೆಗೆ ಇದೆ.

ಆಮೇಲೆ ಅವರು ಬದುಕಿದ್ದು ಇನ್ನೂ 43 ವರ್ಷ. ನಷ್ಟದಲ್ಲಿದ್ದ ಭದ್ರಾವತಿ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿದರು. ಭಾರತಕ್ಕೆ ಯೋಜಿತ ಆರ್ಥಿಕತೆ ಬೇಕು ಎಂದು 1934ರಲ್ಲಿ ಪುಸ್ತಕ ಬರೆದರು. 1955ರಲ್ಲಿ ಭಾರತರತ್ನ. ತೊಂಬತ್ತು ದಾಟಿದ ಮೇಲೆ ಬಿಹಾರದ ಮೊಕಾಮಾದಲ್ಲಿ ಗಂಗೆಯ ಸೇತುವೆಗೆ ಸ್ಥಳ ಆರಿಸುವ ಕೆಲಸಕ್ಕೆ ಹೋಗಿ ಬಂದರು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಾಗ ನೂರು ತುಂಬಿತ್ತು. ಅಂತ್ಯಕ್ರಿಯೆ ಮುದ್ದೇನಹಳ್ಳಿಯಲ್ಲೇ ನಡೆಯಿತು. ನಮ್ಮ ಅಂಕಪಟ್ಟಿಯ ಮೇಲೆ ಅವರ ಹೆಸರು ಬಂದದ್ದು 1998ರಲ್ಲಿ, ಬೆಳಗಾವಿಯಲ್ಲಿ ತಾಂತ್ರಿಕ ವಿಶ್ವವಿದ್ಯಾಲಯ ಆದ ಮೇಲೆ.

2021ರ ಜುಲೈನಲ್ಲಿ ಕೆಆರ್‌ಎಸ್ ಕಟ್ಟೆ ಬಿರುಕು ಬಿಟ್ಟಿದೆಯೆಂಬ ಮಾತು ರಾಜ್ಯದಲ್ಲೆಲ್ಲ ಎದ್ದಿತು. ಬೇಬಿ ಬೆಟ್ಟದ ಕಲ್ಲು ಗಣಿಗಾರಿಕೆಯ ಸ್ಫೋಟವೇ ಕಾರಣ ಎಂದು ಒಬ್ಬರು, ಇಲ್ಲವೆಂದು ಇನ್ನೊಬ್ಬರು. ಕಾವೇರಿ ನೀರಾವರಿ ನಿಗಮ ಬಿರುಕನ್ನು ಅಲ್ಲಗಳೆಯಿತು. ಟಿವಿಯಲ್ಲಿ ವಾರಗಟ್ಟಲೆ ಜಗಳ ನಡೆಯಿತು. ಆಗ ನಾನು ಹೈಸ್ಕೂಲು, ಏನೂ ತಿಳಿದಿರಲಿಲ್ಲ. ಈಗ ಹಳೆಯ ವಿಡಿಯೊ ನೋಡಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಬಿರುಕು ಇದೆ, ಇಲ್ಲ ಎಂಬ ಎರಡೇ ಮಾತು. ಎಷ್ಟು ಅಗಲ, ಎಷ್ಟು ಆಳ, ಒದ್ದೆಯೋ ಒಣವೋ, ಬೆಳೆಯುತ್ತಿದೆಯೋ ನಿಂತಿದೆಯೋ ಎಂದು ಯಾರೂ ಕೇಳಲಿಲ್ಲ. ಸುರ್ಕಿ ಗಾರೆಯಲ್ಲಿ 0.1 ಮಿ.ಮೀ.ನ ಒದ್ದೆ ಸೀಳು ಬೇರೆ, ಸ್ಫೋಟದ ಅದುರಿಗೆ ದಿನವೂ ಬಾಯಿ ತೆರೆದು ಮುಚ್ಚುವ ಸೀಳು ಬೇರೆ. ಮೊದಲನೆಯದಕ್ಕೆ ಸುಣ್ಣ ಕೂರಲು ಸಮಯ ಸಿಗುತ್ತದೆ, ಎರಡನೆಯದಕ್ಕೆ ಸಿಗುವುದಿಲ್ಲ. ನನ್ನ ಮಾದರಿಯಲ್ಲಿ ಸಿಮೆಂಟಿನ ಅಂಕಿಗಳನ್ನು ತೆಗೆದು ಸುಣ್ಣದ ಗಾರೆಯ ಅಂಕಿಗಳನ್ನು ಹಾಕಿ ಓಡಿಸಿದಾಗಲೂ ಹೀಗೇ ಬಂತು. ತೊಲೆಯನ್ನು ಮುಟ್ಟದೆ ಬಿಟ್ಟರೆ ಕೆಂಪು ಗೆರೆ ನಿಧಾನ ಮಸುಕಾಗುತ್ತದೆ, ಅಲುಗಾಡಿಸುತ್ತಲೇ ಇದ್ದರೆ ಕೆಂಪಾಗಿಯೇ ಉಳಿಯುತ್ತದೆ.

ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ಜಲಾಶಯಗಳ ಮಟ್ಟ ಅಚ್ಚು ಹಾಕುತ್ತವೆ. ನಮ್ಮ ಮನೆಯಲ್ಲಿ ಮೊದಲು ನೋಡುವುದು ಆಲಮಟ್ಟಿಯದು. ಈಗ ನಾನು ಒಂದೆರಡು ಸಾಲು ಕೆಳಗೂ ಕಣ್ಣು ಹಾಯಿಸುತ್ತೇನೆ. ಕೆಆರ್‌ಎಸ್, ಗರಿಷ್ಠ ಮಟ್ಟ 124.80 ಅಡಿ.